ಕ್ರೂಸ್ ಹಡಗಿನಲ್ಲಿ ನಮ್ಮ ಊಟ: ಏನು ಸಿಗುತ್ತದೆ, ಏನು ಬದಲಾಗಬೇಕು?

ಕುಕ್ಕರಹಳ್ಳಿ ವಾಕರ್, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಬೆಳಗಿನ ವಾಕಿಂಗ್ ಗುಂಪಿನವರು ಈ ಚಳಿಗಾಲದಲ್ಲಿ ಸಿಂಗಪುರದಿಂದ ಹೊರಡುವ ಕ್ರೂಸ್‌ಗೆ ಹೋಗೋಣ ಅಂತಿದ್ದೇವೆ. ಹೆಚ್ಚಿನವರು ಅರವತ್ತು ದಾಟಿದವರು. ಅರ್ಧ ಜನ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಇಬ್ಬರು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ.

ಕ್ಯಾಬಿನ್, ವೀಸಾ, ವಿಮಾನ ಎಲ್ಲವನ್ನೂ ಟ್ರಾವೆಲ್ ಏಜೆಂಟ್ ಚೆನ್ನಾಗಿ ವಿವರಿಸಿದರು. ಊಟದ ವಿಷಯಕ್ಕೆ ಬಂದಾಗ ಮಾತ್ರ "ಇಂಡಿಯನ್ ಫುಡ್ ಇರುತ್ತೆ ಸರ್, ಯೋಚನೆ ಬೇಡ" ಅಂತ ಮುಗಿಸಿಬಿಟ್ಟರು. ನನಗೆ ಅಷ್ಟು ಸಾಲದು. ಹೋಗಿ ಬಂದವರು ದಯವಿಟ್ಟು ಹೇಳಿ: ನಿಜವಾಗಿ ಏನು ಸಿಗುತ್ತದೆ? ಯಾವ ಹೊತ್ತಿಗೆ? ಏನು ಬದಲಾದರೆ ನಮ್ಮಂಥವರಿಗೆ ಅನುಕೂಲ? ಒಳ್ಳೆಯ ಸಲಹೆಗಳನ್ನು ಸೇರಿಸಿ ಕಂಪನಿಗೆ ಒಂದು ಪತ್ರ ಬರೆಯುವ ಯೋಚನೆ ನನಗಿದೆ.

ಗೋಕುಲಂ ಅಕ್ಕ

ಸರ್, ನಾವು ಮನೆಮಂದಿಯೆಲ್ಲ ಸಿಂಗಪುರದಿಂದಲೇ ಹೋಗಿದ್ದೆವು. ಹಡಗಿನ ಹೆಸರು ಬೇಡ. ಊಟ ಸಾಲದು ಅನ್ನುವ ಮಾತೇ ಇಲ್ಲ. ಬೆಳಿಗ್ಗೆ ಎದ್ದಾಗಿನಿಂದ ನಡುರಾತ್ರಿವರೆಗೆ ಎಲ್ಲಾದರೂ ಒಂದು ಕಡೆ ಏನಾದರೂ ತೆರೆದಿರುತ್ತದೆ.

ತೊಂದರೆ ಇರುವುದು ಬೇರೆ ಕಡೆ. ಬಫೆಯ ಇಂಡಿಯನ್ ಕೌಂಟರಿನಲ್ಲಿ ದಿನಾ ಒಂದು ಪನೀರ್, ಒಂದು ದಾಲ್, ಒಂದು ಆಲೂಗಡ್ಡೆ, ನಾನ್, ಬಾಸ್ಮತಿ ಅನ್ನ. ಎಲ್ಲದಕ್ಕೂ ಕೆನೆ, ಟೊಮೆಟೊ, ಗರಂ ಮಸಾಲೆ. ಮೊದಲ ದಿನ ಖುಷಿಯಾಗಿ ತಿಂದೆವು. ಎರಡನೇ ದಿನ ರಾತ್ರಿ ನಮ್ಮ ಅತ್ತೆ ತಟ್ಟೆ ಮುಂದೆ ಸುಮ್ನೆ ಕೂತಿದ್ದರು. "ಒಂದು ಲೋಟ ತಿಳಿಸಾರು ಸಿಗುತ್ತಾ ಕೇಳಮ್ಮ" ಅಂದರು. ಅಷ್ಟು ದೊಡ್ಡ ಹಡಗು, ಅಷ್ಟೊಂದು ಹೋಟೆಲು, ಸಾರು ಮಾತ್ರ ಇಲ್ಲ. ನನಗೆ ಕರುಳು ಚುರುಕ್ ಅಂತು.

ಆಮೇಲೆ ನಾವೇ ದಾರಿ ಕಂಡುಕೊಂಡೆವು. ಬೆಳಗಿನ ತಿಂಡಿಯ ಕೌಂಟರಿನಲ್ಲಿ ಸಿಹಿ ಇಲ್ಲದ ಗಟ್ಟಿ ಮೊಸರು ಇರುತ್ತದೆ. ಅದನ್ನೇ ಮಧ್ಯಾಹ್ನಕ್ಕೂ ಕೇಳಿ ತೆಗೆದುಕೊಳ್ಳಿ, ಕೊಡುತ್ತಾರೆ. ಬಿಳಿ ಅನ್ನ, ಮೊಸರು, ಸ್ವಲ್ಪ ಉಪ್ಪು, ಸಲಾಡ್ ಕೌಂಟರಿನ ಸೌತೆಕಾಯಿ. ಅತ್ತೆಗೆ ಜೀವ ಬಂತು. ಸಣ್ಣ ಡಬ್ಬಿಗಳಲ್ಲಿ ಇಟ್ಟಿರುವ ಮೊಸರು ಹಣ್ಣಿನ ರುಚಿಯದ್ದು, ಸಕ್ಕರೆ ಜಾಸ್ತಿ. ಅದನ್ನು ಬಿಡಿ.

ನನ್ನ ಸಲಹೆ ಪತ್ರದಲ್ಲಿ ಮೊದಲು ಬರಲಿ: ಒಂದು ತಿಳಿಸಾರು, ಒಂದು ಪಲ್ಯ, ಬಿಳಿ ಅನ್ನ, ಮೊಸರು. ದಿನಕ್ಕೊಂದು ಹೊತ್ತು ಸಾಕು.

ಚಾಮರಾಜಪುರಂ ಮೇಷ್ಟ್ರು

ಹೊತ್ತಿನ ವಿಷಯ ನಾನು ಹೇಳುತ್ತೇನೆ, ಏಕೆಂದರೆ ವಯಸ್ಸಾದವರಿಗೆ ಅದೇ ಮುಖ್ಯ.

ದೊಡ್ಡ ಹಡಗುಗಳಲ್ಲಿ ಟಿಕೆಟ್ ಹಣದಲ್ಲೇ ಸೇರಿರುವ ಊಟದ ಜಾಗ ಮುಖ್ಯವಾಗಿ ಎರಡು. ಒಂದು ಬಫೆ. ಇನ್ನೊಂದು ಕೂತು ಊಟ ಮಾಡುವ ಮುಖ್ಯ ಊಟದ ಹಾಲ್, ಅಲ್ಲಿ ಬಡಿಸುತ್ತಾರೆ. ಇವೆರಡನ್ನು ಬಿಟ್ಟು ಸ್ಪೆಷಾಲಿಟಿ ರೆಸ್ಟೋರೆಂಟ್‌ಗಳಿವೆ, ಜಪಾನಿ, ಇಟಾಲಿಯನ್ ಹೀಗೆ. ಅವಕ್ಕೆ ಬೇರೆ ದುಡ್ಡು. ಬಹಳ ಹಡಗುಗಳಲ್ಲಿ ಸಿಬ್ಬಂದಿಯ ಟಿಪ್ಸ್ ಕೂಡ ದಿನಕ್ಕಿಷ್ಟು ಅಂತ ನಿಮ್ಮ ಖಾತೆಗೆ ತಾನಾಗಿ ಸೇರುತ್ತದೆ. ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಮುಖ್ಯ ಹಾಲಿನಲ್ಲಿ ರಾತ್ರಿ ಊಟ ಎರಡು ಪಂಕ್ತಿ. ಮೊದಲನೆಯದು ಸಂಜೆ ಐದೂವರೆ-ಆರರ ಸುಮಾರಿಗೆ. ಎರಡನೆಯದು ಎಂಟು-ಎಂಟೂವರೆಗೆ. ಸೂಪು, ಸ್ಟಾರ್ಟರ್, ಮುಖ್ಯ ಊಟ, ಸಿಹಿ ಅಂತ ಒಂದೊಂದೇ ಬರುವಾಗ ಒಂದೂವರೆ ಗಂಟೆ ಸುಲಭವಾಗಿ ಹೋಗುತ್ತದೆ. ಎರಡನೇ ಪಂಕ್ತಿಯವರು ಏಳುವಾಗ ಹತ್ತು ಗಂಟೆ. ನಮ್ಮೂರಿನಲ್ಲಿ ಆ ಹೊತ್ತಿಗೆ ಹಿರಿಯರು ಒಂದು ನಿದ್ದೆ ಮುಗಿಸಿರುತ್ತಾರೆ ಅಲ್ವಾ?

2000ದಲ್ಲಿ ನಾರ್ವೇಜಿಯನ್ ಕ್ರೂಸ್ ಲೈನ್ 'ಫ್ರೀಸ್ಟೈಲ್' ಅಂತ ಶುರು ಮಾಡಿ, ಯಾವ ಹೊತ್ತಿಗೆ ಬೇಕಾದರೂ ಬಂದು ಊಟ ಮಾಡಿ ಅಂದಿತು. ಆಮೇಲೆ ಬೇರೆ ಕಂಪನಿಗಳೂ ಅಂಥ ಆಯ್ಕೆ ಕೊಡತೊಡಗಿದವು. ಆದರೂ ನನ್ನ ಮಾತು ಕೇಳಿ, ಗುಂಪಿನಲ್ಲಿ ಹೋಗುವವರಿಗೆ ನಿಗದಿಯಾದ ಮೊದಲ ಪಂಕ್ತಿಯೇ ಒಳ್ಳೆಯದು. ದಿನಾ ಅದೇ ಮೇಜು, ಅದೇ ವೇಟರ್. ಎರಡನೇ ದಿನಕ್ಕೆ ಆ ಹುಡುಗನಿಗೆ ನಿಮ್ಮಲ್ಲಿ ಯಾರು ಮೊಟ್ಟೆ ತಿನ್ನುವುದಿಲ್ಲ, ಯಾರಿಗೆ ಬಿಸಿನೀರು ಬೇಕು ಅನ್ನುವುದು ಬಾಯಿಪಾಠವಾಗಿರುತ್ತದೆ. ಈ ಅನುಕೂಲ ಬೇರೆ ಯಾವುದರಲ್ಲೂ ಇಲ್ಲ.

ಬದಲಾಗಬೇಕಾದ್ದು: ಏಳು ಗಂಟೆಗೆ ಒಂದು ಪಂಕ್ತಿ ಬೇಕು. ಐದೂವರೆಗೆ ಹಸಿವಿರುವುದಿಲ್ಲ, ಎಂಟೂವರೆಗೆ ತಡೆಯಲಾಗುವುದಿಲ್ಲ.

ಒಂಟಿಕೊಪ್ಪಲ್ ಕಾಫಿ

ಕಾಫಿ ಬಗ್ಗೆ ಯಾರೂ ಹೇಳಲಿಲ್ಲ! ಬಫೆಯ ಮೆಷಿನ್ ಕಾಫಿ ನೀರುನೀರು. ಹಾಲು ತಣ್ಣಗಿರುತ್ತದೆ, ಹೆಚ್ಚಾಗಿ ಪ್ಯಾಕೆಟ್ಟಿನ ದೀರ್ಘ ಬಾಳಿಕೆಯ ಹಾಲು. ಕೆಫೆಯಲ್ಲಿ ದುಡ್ಡು ಕೊಟ್ಟು ಎರಡು ಶಾಟ್ ಎಸ್ಪ್ರೆಸೊ ತೆಗೆದುಕೊಂಡು, ಬಿಸಿ ಹಾಲು ಬೇರೆ ಕೇಳಿ ಬೆರೆಸಿಕೊಳ್ಳಿ. ನಮ್ಮ ಡಿಕಾಕ್ಷನ್ ರುಚಿಗೆ ಹತ್ತಿರ ಬರುವುದು ಅದೊಂದೇ. ಒಂದು ಫಿಲ್ಟರ್ ಕಾಫಿ ಕೌಂಟರ್ ಇಟ್ಟರೆ ದಕ್ಷಿಣದವರೆಲ್ಲ ಕ್ಯೂ ನಿಲ್ಲುತ್ತಾರೆ, ಬರೆದುಕೊಳ್ಳಿ ಸರ್.

ಪಾಂಡವಪುರದ ಹುಡುಗ

ಎಲ್ಲರೂ ಸಸ್ಯಾಹಾರದ ಕಷ್ಟ ಹೇಳ್ತಿದ್ದೀರಿ. ಮಾಂಸ ತಿನ್ನುವ ನಮ್ಮ ಕಷ್ಟವೂ ಕೇಳಿ.

ಮಾಂಸ ಬೇಕಾದಷ್ಟಿದೆ. ಕೋಳಿ, ಕುರಿ, ಮೀನು, ಸೀಗಡಿ. ಆದರೆ ಖಾರ ಇಲ್ಲ, ಮಸಾಲೆ ಒಳಗೆ ಇಳಿದಿರುವುದಿಲ್ಲ. ಬನ್ನೂರು ಕುರಿ, ನಾಟಿ ಕೋಳಿ ಸಾರು ತಿಂದು ಬೆಳೆದ ನಾಲಿಗೆಗೆ ಎರಡು ದಿನದಲ್ಲಿ ಸಪ್ಪೆ ಅನಿಸುತ್ತದೆ. ಜೊತೆಗೆ ಮುದ್ದೆ ಇಲ್ಲ. ಮುದ್ದೆ ಕೇಳುವುದು ಅತಿ ಅಂತ ಕೆಲವರಿಗೆ ಅನಿಸಬಹುದು. ನಮ್ಮಪ್ಪನಿಗೆ ಮುದ್ದೆ ಇಲ್ಲದಿದ್ದರೆ ಊಟ ಆದಂತೆಯೇ ಅಲ್ಲ. ಅವರಿಗೆ ಹೊಟ್ಟೆ ತುಂಬಿದ ಸಮಾಧಾನ ಕೊನೆಯವರೆಗೂ ಸಿಗಲಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಮ್ಮ ಮನೆಯಲ್ಲಿ ಹಂದಿ, ದನದ ಮಾಂಸ ತಿನ್ನುವುದಿಲ್ಲ. ನಾವಿದ್ದ ಹಡಗಿನ ಬಫೆಯಲ್ಲಿ ಕೆಲವು ಪಾತ್ರೆಗಳಿಗೆ ಚೀಟಿಯೇ ಇರಲಿಲ್ಲ. ಒಂದು ಪಾತ್ರೆಯ ಚಿಮಟ ಇನ್ನೊಂದಕ್ಕೆ ಹೋಗುತ್ತಿತ್ತು. ಅಪ್ಪ ಕೊನೆಗೆ ಬ್ರೆಡ್ಡು, ಮೊಟ್ಟೆಗೇ ನಿಂತರು. ಪ್ರತಿ ಪಾತ್ರೆಯ ಮುಂದೆ ಯಾವ ಮಾಂಸ ಅಂತ ಚಿತ್ರ ಹಾಕಲಿ. ಓದಲು ಬಾರದವರಿಗೂ ಗೊತ್ತಾಗಬೇಕು.

ಗ್ಯಾಲಿ ಕುಕ್, ಶ್ರೀರಂಗಪಟ್ಟಣ

ಹಡಗಿನ ಅಡುಗೆಮನೆಗೆ ಗ್ಯಾಲಿ ಅನ್ನುತ್ತೇವೆ. ನಾನು ಅಲ್ಲಿ ಕೆಲಸ ಮಾಡಿದವನು, ಈಗ ರಜೆಯಲ್ಲಿ ಊರಲ್ಲಿದ್ದೇನೆ. ಒಳಗಿನಿಂದ ನೋಡಿದ್ದನ್ನು ಹೇಳುತ್ತೇನೆ, ಪತ್ರ ಬರೆಯುವವರಿಗೆ ಉಪಯೋಗ ಆಗಬಹುದು.

ಮೊದಲು ಬೆಂಕಿ. ಹಡಗಿನಲ್ಲಿ ಬೆಂಕಿ ಅಂದರೆ ಎಲ್ಲಕ್ಕಿಂತ ದೊಡ್ಡ ಭಯ. ಹಾಗಾಗಿ ಗ್ಯಾಸ್ ಒಲೆ ಇಲ್ಲ, ಎಲ್ಲ ಕರೆಂಟಿನದ್ದೇ. ಉರಿಯ ಮೇಲೆ ಉಬ್ಬಿಸುವ ಫುಲ್ಕ ಆಗುವುದಿಲ್ಲ. ಕಾವಲಿಯ ಮೇಲೆ ದೋಸೆ ಚೆನ್ನಾಗಿಯೇ ಆಗುತ್ತದೆ. ಆದರೆ ಹಿಟ್ಟು ಹುದುಗು ಬರಲಿ ಅಂತ ರಾತ್ರಿಯಿಡೀ ಹೊರಗೆ ಇಡುವುದಕ್ಕೆ ನೈರ್ಮಲ್ಯದ ನಿಯಮ ಅಡ್ಡ ಬರುತ್ತದೆ. ನಾನಿದ್ದ ಕಡೆ ಇಡ್ಲಿಗೂ ದೋಸೆಗೂ ರೆಡಿ ಮಿಕ್ಸ್ ಬಳಸುತ್ತಿದ್ದೆವು. ಹುಳಿ ಇಲ್ಲ ಅಂತ ಜನ ಹೇಳುವುದು ಅದಕ್ಕೇ.

ಎರಡನೆಯದು ಬಿಸಿ. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಮುಂಚೆ ಹೇಳದೆ ಬಂದು ತಪಾಸಣೆ ಮಾಡುತ್ತದೆ. ನೂರಕ್ಕೆ 86 ಅಂಕ ಬಂದರೆ ಮಾತ್ರ ಪಾಸು. ಬಿಸಿ ಊಟ 57 ಡಿಗ್ರಿಗಿಂತ ಮೇಲಿರಬೇಕು, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ. ನಡುವೆ ನಿಂತ ಆಹಾರವನ್ನು ನಾಲ್ಕು ಗಂಟೆಯೊಳಗೆ ಎಸೆಯಬೇಕು. ಈಗ ಯೋಚಿಸಿ ನೋಡಿ. ಬಿಸಿನೀರಿನ ತಟ್ಟೆಯ ಮೇಲೆ ಗಂಟೆಗಟ್ಟಲೆ ಇಟ್ಟರೂ ಕೆಡದಂತೆ ಕಾಣುವುದು ಯಾವುದು? ಕೆನೆ ಹಾಕಿದ ಗ್ರೇವಿ. ಬೀನ್ಸ್ ಪಲ್ಯ ಒಣಗಿ ಬಣ್ಣ ಹೋಗುತ್ತದೆ, ಚಪಾತಿ ಗಟ್ಟಿಯಾಗುತ್ತದೆ. ಬಫೆಯಲ್ಲಿ ಪನೀರ್ ಗ್ರೇವಿಯೇ ಮತ್ತೆ ಮತ್ತೆ ಬರುವುದರ ಹಿಂದೆ ಇದೂ ಒಂದು ಕಾರಣ. ಆದರೆ ಅಕ್ಕ, ನಿಮ್ಮ ತಿಳಿಸಾರಿಗೆ ಈ ತೊಂದರೆ ಇಲ್ಲ. ಸಾರು ಬಿಸಿಯಲ್ಲಿ ಚೆನ್ನಾಗಿಯೇ ಇರುತ್ತದೆ.

ಮೂರನೆಯದು ಸಾಮಾನು. ಹಡಗು ಹೊರಡುವ ಬಂದರಿನಲ್ಲೇ ಆ ಪ್ರಯಾಣದ ಹೆಚ್ಚಿನ ದಿನಸಿ, ತರಕಾರಿ ಎಲ್ಲ ತುಂಬುತ್ತಾರೆ. ನಡುವೆ ಇಳಿದು ಮಾರ್ಕೆಟ್ಟಿಗೆ ಹೋಗುವ ಹಾಗಿಲ್ಲ. ಮೆನು ಕೂಡ ಕಂಪನಿಯ ಆಫೀಸಿನಿಂದ ಬರುತ್ತದೆ. ಯಾವುದು ಎಷ್ಟು ಗ್ರಾಂ, ತಟ್ಟೆಯಲ್ಲಿ ಹೇಗೆ ಕಾಣಬೇಕು ಅಂತ ಫೋಟೋ ಸಮೇತ. ಹಡಗಿನ ಶೆಫ್ ಮನಸ್ಸು ಮಾಡಿದರೂ ಮೆನು ಬದಲಾಯಿಸಲಾಗುವುದಿಲ್ಲ. ಪತ್ರವನ್ನು ಹಡಗಿಗೆ ಕಳಿಸಬೇಡಿ ಸರ್, ಆಫೀಸಿಗೆ ಕಳಿಸಿ.

ಇನ್ನೊಂದು ವಿಷಯ. ಇದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. ನಾವು ಸಿಬ್ಬಂದಿ ಊಟ ಮಾಡುವ ಮೆಸ್ ಕೆಳಗಿನ ಡೆಕ್ಕಿನಲ್ಲಿ, ಅಂದರೆ ಹಡಗಿನ ಕೆಳ ಅಂತಸ್ತಿನಲ್ಲಿದೆ. ಅಲ್ಲಿ ಭಾರತದವರು, ಫಿಲಿಪ್ಪೀನ್ಸ್‌ನವರು, ಇಂಡೋನೇಷ್ಯಾದವರು ಜಾಸ್ತಿ. ಅನ್ನ, ಬೇಳೆ, ಖಾರದ ಸಾಂಬಾರು ಅಲ್ಲಿ ದಿನಾ ಇರುತ್ತದೆ. ಅಕ್ಕಿ, ಬೇಳೆ, ಅರಿಶಿನ, ಸಾಸಿವೆ, ಮೆಣಸಿನಕಾಯಿ ಎಲ್ಲ ಹಡಗಿನಲ್ಲೇ ಇದೆ. ಮಾಡಲು ಬರುವ ಕೈಗಳೂ ಇವೆ. ನಿಮ್ಮ ಅತ್ತೆ ಸಾರಿಲ್ಲದೆ ಕೂತಿದ್ದಾಗ ನಾಲ್ಕು ಡೆಕ್ ಕೆಳಗೆ ನಮ್ಮಂಥ ಹುಡುಗರು ಅನ್ನ ಸಾರು ಉಂಡಿರುತ್ತಾರೆ ಅಂದರೆ ನನಗೆ ಬೇಜಾರಾಗುತ್ತದೆ. ಹಾಗಾಗಿ ಪತ್ರದಲ್ಲಿ ಹೊಸ ಸಾಮಾನು ತನ್ನಿ ಅಂತ ಕೇಳುವ ಅಗತ್ಯ ಇಲ್ಲ. ಕೆಳಗೆ ಮಾಡುವುದರಲ್ಲಿ ಒಂದು ಪಾತ್ರೆಯಷ್ಟು ಮೇಲಿನವರಿಗೂ ಮಾಡಿ ಅಂತ ಕೇಳಿ.

ಗೋಕುಲಂ ಅಕ್ಕ

ತಮ್ಮಾ, ಇದು ನನಗೆ ಗೊತ್ತೇ ಇರಲಿಲ್ಲ. ಅಲ್ಲೇ ಕೇಳಿದ್ದರೆ ಮಾಡಿಕೊಡುತ್ತಿದ್ದರಾ?

ಗ್ಯಾಲಿ ಕುಕ್, ಶ್ರೀರಂಗಪಟ್ಟಣ

ಬಫೆಯಲ್ಲಿ ಕೇಳಿದರೆ ಆಗುವುದಿಲ್ಲ ಅಕ್ಕ, ಅಲ್ಲಿ ನಿಂತವರಿಗೆ ಅಧಿಕಾರ ಇಲ್ಲ. ಮುಖ್ಯ ಊಟದ ಹಾಲಿನಲ್ಲಿ ಹೆಡ್ ವೇಟರ್ ಇರುತ್ತಾರೆ. ಮೊದಲ ರಾತ್ರಿಯೇ ಅವರನ್ನು ಮೇಜಿನ ಹತ್ತಿರ ಕರೆದು ಹೇಳಬೇಕು. ಬಹಳ ಹಡಗುಗಳಲ್ಲಿ ಮಾರನೇ ದಿನದ ಊಟವನ್ನು ಹಿಂದಿನ ರಾತ್ರಿಯೇ ಬರೆದುಕೊಂಡು ಬೇರೆ ಮಾಡಿಕೊಡುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ. "ಇಂಡಿಯನ್ ವೆಜ್" ಅಂತ ಮಾತ್ರ ಹೇಳಿದರೆ ಮತ್ತೆ ಪನೀರೇ ಬರುತ್ತದೆ. ಕೆನೆ ಬೇಡ, ಬೇಳೆ ತೆಳ್ಳಗಿರಲಿ, ಒಗ್ಗರಣೆ ಇಂಥದ್ದು ಅಂತ ಬಿಡಿಸಿ ಹೇಳಿ. ವೇಟರ್‌ಗಳಲ್ಲಿ ಗೋವಾ, ಕೇರಳ, ಮಂಗಳೂರಿನವರು ಸಿಗುತ್ತಾರೆ. ಅವರಿಗೆ ಅರ್ಧ ಮಾತಿಗೇ ಗೊತ್ತಾಗುತ್ತದೆ.

ಹೊಸ ರುಚಿ, ವಿಜಯನಗರ

ಯಾರೂ ಬೇಜಾರು ಮಾಡಿಕೊಳ್ಳಬೇಡಿ, ನನ್ನ ಅಭಿಪ್ರಾಯ ಬೇರೆ. ಅಷ್ಟು ದೂರ ಹೋಗಿ ಮನೆಯ ಸಾರನ್ನೇ ಯಾಕೆ ಹುಡುಕಬೇಕು? ಮುಖ್ಯ ಹಾಲಿನಲ್ಲಿ ನನಗೆ ಹೆಸರೇ ಗೊತ್ತಿಲ್ಲದ ಎಷ್ಟೋ ತಿನಿಸುಗಳ ರುಚಿ ನೋಡಿದೆ. ತಣ್ಣನೆಯ ಹಣ್ಣಿನ ಸೂಪು, ಅಣಬೆಯ ರಿಸೊಟ್ಟೊ, ಒಲೆಯಲ್ಲಿ ಸುಟ್ಟ ಬದನೆಕಾಯಿ. ಒಂದು ಇಷ್ಟವಾಗದಿದ್ದರೆ ಇನ್ನೊಂದು ತಂದುಕೊಡುತ್ತಾರೆ. ನಮ್ಮ ಮಕ್ಕಳು ಆ ನಾಲ್ಕು ದಿನದಲ್ಲಿ ಕಲಿತ ರುಚಿಗಳನ್ನು ಈಗಲೂ ನೆನೆಸುತ್ತಾರೆ. ಇಂಡಿಯನ್ ಕೌಂಟರ್ ದೊಡ್ಡದಾದಷ್ಟೂ ನಮ್ಮವರು ಅಲ್ಲೇ ನಿಂತುಬಿಡುತ್ತಾರೆ ಅನ್ನುವುದು ನನ್ನ ಆತಂಕ. ನನ್ನ ಸಲಹೆ ಅಂದರೆ, ಎಲ್ಲ ದೇಶದ ಸಸ್ಯಾಹಾರವನ್ನೂ ಸಣ್ಣ ಸಣ್ಣ ಪ್ರಮಾಣದಲ್ಲಿ ಒಂದೇ ತಟ್ಟೆಯಲ್ಲಿ ಕೊಡಲಿ. ರುಚಿ ನೋಡಲು ಧೈರ್ಯ ಬರುತ್ತದೆ.

ಚಾಮರಾಜಪುರಂ ಮೇಷ್ಟ್ರು

ಸಣ್ಣ ಪ್ರಮಾಣದ ಸಲಹೆ ಬಹಳ ಚೆನ್ನಾಗಿದೆ, ಒಪ್ಪುತ್ತೇನೆ. ಉಳಿದದ್ದಕ್ಕೆ ಒಂದು ಮಾತು. ನಲವತ್ತರ ಹೊಟ್ಟೆ ಬೇರೆ, ಎಪ್ಪತ್ತೈದರ ಹೊಟ್ಟೆ ಬೇರೆ. ಹಿರಿಯರು ಸಾರು ಕೇಳುವುದು ಹಟಕ್ಕಲ್ಲ. ರಾತ್ರಿ ಮಲಗಿದರೆ ನಿದ್ದೆ ಬರಲಿ ಅಂತ. ಒಂದು ಹೊತ್ತು ಹೊಸದು, ಒಂದು ಹೊತ್ತು ಹಗುರದ್ದು ಇದ್ದರೆ ಇಬ್ಬರಿಗೂ ಆಯಿತು.

ಸಿದ್ಧಾರ್ಥನಗರದ ನರ್ಸ್

ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದಾರೆ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಇಂಜೆಕ್ಷನ್ ತೆಗೆದುಕೊಂಡ ಮೇಲೆ ಊಟ ಬರಲಿ ಅಂತ ಕಾಯುತ್ತಾ ಕೂರಬಾರದು. ಊಟ ಮೇಜಿಗೆ ಬರುವುದು ಖಚಿತವಾದ ಮೇಲೆ ತೆಗೆದುಕೊಳ್ಳುವ ಬಗ್ಗೆ ಹೊರಡುವ ಮೊದಲೇ ನಿಮ್ಮ ವೈದ್ಯರ ಹತ್ತಿರ ಮಾತಾಡಿ. ಕೈಚೀಲದಲ್ಲಿ ಗ್ಲೂಕೋಸ್, ಬಿಸ್ಕತ್ತು ಇರಲಿ. ಬಂದರಿನಲ್ಲಿ ಇಳಿದು ಸುತ್ತುವ ದಿನ ಮಧ್ಯಾಹ್ನದ ಊಟ ತಪ್ಪುವುದು ಸಾಮಾನ್ಯ. ಆ ದಿನಗಳಲ್ಲಿ ಜಾಸ್ತಿ ಎಚ್ಚರ ಬೇಕು.

ಹಡಗಿನಲ್ಲಿ ಎಲ್ಲರೂ ಹೆದರುವ ಕಾಯಿಲೆ ನೋರೊವೈರಸ್. ವಾಂತಿ, ಭೇದಿ. ಒಬ್ಬರಿಂದ ಒಬ್ಬರಿಗೆ ಬಹಳ ಬೇಗ ಹರಡುತ್ತದೆ. ಬಾಗಿಲಲ್ಲಿ ಇಟ್ಟಿರುವ ಸ್ಯಾನಿಟೈಸರ್ ಅದಕ್ಕೆ ಅಷ್ಟಾಗಿ ನಾಟುವುದಿಲ್ಲ. ಸೋಪು, ನೀರು ಹಾಕಿ ಚೆನ್ನಾಗಿ ಉಜ್ಜಿ ತೊಳೆಯಲೇಬೇಕು. ನಮ್ಮವರು ಕೈಯಲ್ಲೇ ಊಟ ಮಾಡುವವರು, ಹಾಗಾಗಿ ಇನ್ನೂ ಮುಖ್ಯ. ನನ್ನ ಸಲಹೆ ಇದೊಂದೇ: ಬಫೆಯ ಪ್ರತಿ ಬಾಗಿಲಲ್ಲೂ ಕೈತೊಳೆಯುವ ಬೇಸಿನ್ ಇರಲಿ, ಬಡಿಸುವುದು ಸಿಬ್ಬಂದಿಯೇ ಆಗಿರಲಿ. ಒಂದೇ ಸೌಟನ್ನು ನೂರಾರು ಕೈ ಮುಟ್ಟುವುದು ತಪ್ಪುತ್ತದೆ.

ಅಲೆಗೆ ತಲೆ ಸುತ್ತಿದರೆ ಉಪವಾಸ ಮಾಡಬೇಡಿ. ಖಾಲಿ ಹೊಟ್ಟೆಯಲ್ಲಿ ಇನ್ನೂ ಜಾಸ್ತಿಯಾಗುತ್ತದೆ. ಒಣ ಬಿಸ್ಕತ್ತು, ಸೇಬು, ಶುಂಠಿ.

ನಿವೃತ್ತ ಆಹಾರ ತಂತ್ರಜ್ಞ, ಮೈಸೂರು

ಶುದ್ಧ ಸಸ್ಯಾಹಾರಿಗಳಿಗೆ ಕಣ್ಣಿಗೆ ಕಾಣದ ತೊಂದರೆ ಇದೆ. ತರಕಾರಿ ಸೂಪಿಗೆ ಕೋಳಿಯ ಸ್ಟಾಕ್, ಅಂದರೆ ಮೂಳೆ ಬೇಯಿಸಿದ ನೀರು ಹಾಕಿರಬಹುದು. ಚೀನೀ, ಥಾಯ್ ತರಕಾರಿಗಳಲ್ಲಿ ಸಿಂಪಿಯಿಂದ ಮಾಡಿದ ಆಯ್ಸ್ಟರ್ ಸಾಸ್, ಮೀನಿನಿಂದ ಮಾಡಿದ ಫಿಶ್ ಸಾಸ್ ಇರುತ್ತದೆ. ಅಲುಗಾಡುವ ಸಿಹಿಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್. ಅಸಲಿ ಪಾರ್ಮೆಸಾನ್ ಚೀಸ್ ಮಾಡುವುದೇ ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸುವ ರೆನೆಟ್ ಹಾಕಿ. ಕೇಕು, ಪುಡ್ಡಿಂಗಿನಲ್ಲಿ ಹೆಚ್ಚಾಗಿ ಮೊಟ್ಟೆ ಇರುತ್ತದೆ. ಪಾಶ್ಚಾತ್ಯರ ಲೆಕ್ಕದಲ್ಲಿ ಮೊಟ್ಟೆ ತಿನ್ನುವವರೂ ಸಸ್ಯಾಹಾರಿಗಳೇ, ಹಾಗಾಗಿ ಅವರು ಸುಳ್ಳು ಹೇಳುತ್ತಿಲ್ಲ. ಮೊಟ್ಟೆ, ಮೀನು, ಸ್ಟಾಕ್, ಜೆಲಟಿನ್ ಬೇಡ ಅಂತ ಒಂದೊಂದನ್ನೂ ಹೆಸರು ಹಿಡಿದು ಹೇಳಬೇಕು. ನಮ್ಮ ದೇಶದ ಪ್ಯಾಕೆಟ್ಟುಗಳ ಮೇಲಿರುವ ಹಸಿರು ಚುಕ್ಕೆಯಂಥದ್ದನ್ನು ಬಫೆಯ ಚೀಟಿಗೂ ಹಾಕಿದರೆ ಎಷ್ಟೋ ಜನರ ಅಳುಕು ಹೋಗುತ್ತದೆ.

ಇನ್ನು ಮುದ್ದೆ, ಬಿಸಿಬೇಳೆಬಾತ್ ಹಡಗಿನಲ್ಲಿ ಸಾಧ್ಯವೇ ಅಂತ ಅನುಮಾನ ಪಡುವವರಿಗೆ ನಮ್ಮೂರನ್ನೇ ತೋರಿಸುತ್ತೇನೆ. ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, 1950ರಿಂದ ಇಲ್ಲಿದೆ. 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಇಲ್ಲೇ ಶುರುವಾಯಿತು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಅವರ ಜೊತೆ ಹೋದ ಭಾರತೀಯ ಊಟ ಈ ಪ್ರಯೋಗಾಲಯದ್ದೇ. ಅಡುಗೆ ಕೆಡದಂತೆ ಇಡುವ ಒಂದು ವಿಧಾನ ರಿಟಾರ್ಟ್ ಪೌಚ್. ಅಂದರೆ ಪದರ ಪದರದ ಚೀಲದಲ್ಲಿ ಅಡುಗೆ ತುಂಬಿ, ಸೀಲ್ ಮಾಡಿ, ಒತ್ತಡದಲ್ಲಿ ಬೇಯಿಸುವುದು. ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಇರುತ್ತದೆ. ಸೈನಿಕರಿಗೆ ಹಿಮಾಲಯದಲ್ಲಿ ತಲುಪುವ ಊಟ ಹಡಗಿಗೆ ತಲುಪದೇ? ಗ್ಯಾಲಿಯವರು ಬಿಸಿ ಮಾಡಿ ಕೊಟ್ಟರೆ ಸಾಕು. ಮುದ್ದೆಯನ್ನು ಪೌಚಿನಲ್ಲಿ ಕೊಡುವುದು ಕಷ್ಟ, ಅದನ್ನು ಆಗಲೇ ಕಟ್ಟಬೇಕು. ಆದರೆ ರಾಗಿ ಹಿಟ್ಟು ಬೇಗ ಕೆಡುವ ವಸ್ತುವಲ್ಲ. ಬೇಕಾದದ್ದು ಕುದಿಯುವ ನೀರು ಮತ್ತು ತಿರುವುವ ಕೋಲು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿದ್ದು ಭಾರತದ ಪ್ರಸ್ತಾವದಿಂದಲೇ. ರಾಗಿ ಕೇಳಲು ಯಾರೂ ಸಂಕೋಚ ಪಡಬೇಕಿಲ್ಲ.

ಪಾಂಡವಪುರದ ಹುಡುಗ

ಸರ್, ಈ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ಕೈಯೆತ್ತಿ ನಮಸ್ಕಾರ ಹೇಳಿದರು.

ಮಳವಳ್ಳಿ ರೈತರ ಮಗಳು

ಒಂದು ವಿಷಯ ನನಗೆ ಬಹಳ ನೋವು ಕೊಟ್ಟಿದೆ. ಬಫೆಯಲ್ಲಿ ನಮ್ಮವರೇ ತಟ್ಟೆ ತುಂಬ ಹಾಕಿಕೊಂಡು ಅರ್ಧ ಬಿಡುತ್ತಾರೆ. ದುಡ್ಡು ಕೊಟ್ಟಾಗಿದೆ ಅನ್ನುವ ಭಾವನೆ. ಅದೆಲ್ಲ ಎಲ್ಲಿಗೆ ಹೋಗುತ್ತದೆ ಗೊತ್ತಾ? ಮಾರ್ಪೋಲ್ ಅನ್ನುವ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ, 25 ಮಿಲಿಮೀಟರ್‌ಗಿಂತ ಸಣ್ಣಗೆ ಅರೆದ ಆಹಾರವನ್ನು ದಡದಿಂದ 3 ನಾಟಿಕಲ್ ಮೈಲಿ ಆಚೆ ಸಮುದ್ರಕ್ಕೆ ಬಿಡಬಹುದು. ಅರೆಯದಿದ್ದರೆ 12 ಮೈಲಿ ಆಚೆ. ಕೆಲವು ಸೂಕ್ಷ್ಮ ಸಮುದ್ರಗಳಲ್ಲಿ ನಿಯಮ ಇನ್ನೂ ಬಿಗಿ. ನಿಯಮದಲ್ಲಿ ಅವಕಾಶ ಇದ್ದರೂ, ಅನ್ನ ಸಮುದ್ರ ಸೇರುವುದನ್ನು ನೆನೆಸಿಕೊಂಡರೆ ಸಂಕಟ ಆಗುತ್ತದೆ. ಕೆರೆ, ನಾಲೆ ನೀರಿಗೆ ಕಾದು ಭತ್ತ ಬೆಳೆಯುವ ಊರಿನವರು ನಾವು. ಸಣ್ಣ ತಟ್ಟೆ ಇಡಲಿ. ದೋಸೆ, ಆಮ್ಲೆಟ್, ನೂಡಲ್ಸ್ ಕೇಳಿದ ಮೇಲೆ ಬಿಸಿಬಿಸಿ ಮಾಡಿಕೊಡುವ ಕೌಂಟರ್ ಜಾಸ್ತಿ ಮಾಡಲಿ. ನಮ್ಮ ಗುಂಪುಗಳಲ್ಲೂ ಹೊರಡುವ ಮೊದಲು ಈ ಮಾತು ಆಗಬೇಕು.

ಟ್ರಾವೆಲ್ ಡೆಸ್ಕ್, ಮಂಡ್ಯ

ಸಿಂಗಪುರವೇ ಆಗಬೇಕು ಅಂತಿಲ್ಲದಿದ್ದರೆ ನಮ್ಮ ದೇಶದ್ದನ್ನೂ ನೋಡಿ. ಕಾರ್ಡೆಲಿಯಾ ಹಡಗು 2021ರಿಂದ ಓಡುತ್ತಿದೆ. ಮುಂಬೈನಿಂದ ಗೋವಾ, ಲಕ್ಷದ್ವೀಪದ ಕಡೆಗೆ ಹೋಗುತ್ತದೆ. ಪ್ರಯಾಣಿಕರು ಬಹುಪಾಲು ಭಾರತದವರೇ, ಜೈನ ಊಟವೂ ಇದೆ. ಮೊದಲ ಸಲ ಹಡಗು ಹತ್ತುವ ಹಿರಿಯರಿಗೆ ಊಟದ ಗಾಬರಿ ಕಡಿಮೆ.

ಯಾವುದೇ ಹಡಗಾದರೂ ಬುಕ್ ಮಾಡುವಾಗಲೇ ಊಟದ ಬೇಡಿಕೆಯನ್ನು ಬರೆಸಿ, ಅದರ ಪ್ರತಿ ಮೇಲ್‌ನಲ್ಲಿ ತರಿಸಿಕೊಳ್ಳಿ. ಒಂದೆರಡು ತಿಂಗಳು ಮುಂಚೆ ತಿಳಿಸಿದರೆ ಸಾಮಾನು ತುಂಬುವಾಗ ಲೆಕ್ಕಕ್ಕೆ ಬರುತ್ತದೆ. ಬಾಯಿ ಮಾತಿನ "ಇರುತ್ತೆ ಸರ್" ನಂಬಬೇಡಿ, ನಾನೂ ಅದೇ ವ್ಯಾಪಾರದಲ್ಲಿರುವವನಾಗಿ ಹೇಳುತ್ತಿದ್ದೇನೆ. ಮೊದಲ ದಿನ ಮಧ್ಯಾಹ್ನ ಎಲ್ಲರೂ ಬಫೆಗೇ ನುಗ್ಗುತ್ತಾರೆ. ಮುಖ್ಯ ಹಾಲೂ ತೆರೆದಿದೆಯಾ ಅಂತ ವಿಚಾರಿಸಿ, ಕೆಲವು ಹಡಗುಗಳಲ್ಲಿ ತೆರೆದಿರುತ್ತದೆ, ಆರಾಮಾಗಿ ಕೂತು ಉಣ್ಣಬಹುದು.

ಕುಕ್ಕರಹಳ್ಳಿ ವಾಕರ್, ಮೈಸೂರು

ಎಲ್ಲರಿಗೂ ತುಂಬಾ ಧನ್ಯವಾದ. ಮೊದಲ ಪಂಕ್ತಿಗೆ ಬರೆಸಿದ್ದೇನೆ. ಸಿಬ್ಬಂದಿ ಮೆಸ್ಸಿನ ವಿಷಯವನ್ನು ಪತ್ರದಲ್ಲಿ ಮೊದಲ ಸಾಲಿಗೇ ಹಾಕುತ್ತೇನೆ. ಇನ್ನೊಂದೇ ಪ್ರಶ್ನೆ. ನಮ್ಮ ಮನೆಯವರು ಮೇಲುಕೋಟೆ ಕಡೆಯವರು, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಮಾಡಿ ತೆಗೆದುಕೊಂಡು ಹೋಗೋಣ ಅಂತಾರೆ. ಸಣ್ಣ ಕೆಟಲ್ ಕೂಡ. ಬಿಡುತ್ತಾರಾ?

ಗ್ಯಾಲಿ ಕುಕ್, ಶ್ರೀರಂಗಪಟ್ಟಣ

ಕೆಟಲ್ ಬೇಡವೇ ಬೇಡ ಸರ್. ಬಿಸಿಯಾಗುವ ಯಾವ ಸಾಮಾನನ್ನೂ ಕ್ಯಾಬಿನ್ನಿಗೆ ಬಿಡುವುದಿಲ್ಲ, ಸ್ಕ್ಯಾನರಿನಲ್ಲೇ ತೆಗೆದಿಡುತ್ತಾರೆ. ಕೆಲವು ಹಡಗುಗಳಲ್ಲಿ ಕ್ಯಾಬಿನ್ನಿನಲ್ಲೇ ಕೆಟಲ್ ಇಟ್ಟಿರುತ್ತಾರೆ. ಇಲ್ಲದಿದ್ದರೂ ಬಿಸಿನೀರು ಬಫೆಯಲ್ಲಿ ಯಾವಾಗಲೂ ಸಿಗುತ್ತದೆ, ಫ್ಲಾಸ್ಕ್ ತನ್ನಿ.

ಮನೆಯಲ್ಲಿ ಮಾಡಿದ ಅಡುಗೆಯನ್ನು ಹೆಚ್ಚಿನ ಕಂಪನಿಗಳು ಬಿಡುವುದಿಲ್ಲ. ಅಂಗಡಿಯ ಸೀಲ್ ಒಡೆಯದ ಪ್ಯಾಕೆಟ್ಟಿಗೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ನಿಮ್ಮ ಮನೆಯವರಿಗೆ ಹೇಳಿ, ಗೊಜ್ಜೂ ಚಟ್ನಿಪುಡಿಯೂ ಅಂಗಡಿಯ ಸೀಲ್ ಪ್ಯಾಕೆಟ್ಟಿನದ್ದೇ ಇರಲಿ, ಮೇಲೆ ಏನೇನು ಹಾಕಿದೆ ಅಂತ ಇಂಗ್ಲಿಷಿನಲ್ಲಿ ಬರೆದಿರಲಿ. ಬಿಳಿ ಅನ್ನ ಎರಡು ಹೊತ್ತೂ ಸಿಗುತ್ತದೆ. ಎಣ್ಣೆ ಬೇಕಾದರೆ ಸಲಾಡ್ ಕೌಂಟರಿನಲ್ಲಿ ಕೇಳಿ. ಹಡಗಿನಿಂದ ಇಳಿಯುವಾಗ ಮಾತ್ರ ಹಣ್ಣು, ಅಲ್ಲಿನ ಊಟ ಯಾವುದನ್ನೂ ಚೀಲದಲ್ಲಿ ಇಟ್ಟುಕೊಳ್ಳಬೇಡಿ. ಕೆಲವು ಬಂದರುಗಳಲ್ಲಿ ದಂಡ ಹಾಕುತ್ತಾರೆ.